ಗಾದಿ ಚಾಚಾರ ಬೆರಳು

ಇಂದು ಮುಂಜಾನೆ ಆಳಂದದ ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಟ್ರಂಕಿನ ಹಿಂದೆ ಒಂದು ಪುಟ್ಟ ಗಾದಿ ಸಿಕ್ಕಿತು. ಕೂಸಿನ ಹಾಸಿಗೆಗಿಂತ ಚಿಕ್ಕದು. ಕೆಂಪು ಪಟ್ಟೆಯ ದಪ್ಪ ಬಟ್ಟೆ, ನಾಲ್ಕೂ ಮೂಲೆಗೆ ಗಟ್ಟಿ ಹೊಲಿಗೆ. ಮೂಗಿನ ಹತ್ತಿರ ಹಿಡಿದರೆ ಧೂಳು, ಹಳೆಯ ಹತ್ತಿ, ಅದರೊಳಗೆಲ್ಲೋ ಕೊಬ್ಬರಿ ಎಣ್ಣೆಯ ಕಮಟು ವಾಸನೆ. ಹೊಲಿಗೆಯ ಸಂದಿಯಲ್ಲಿ ಗೋಧಿ ಬಣ್ಣದ ನಾಲ್ಕೈದು ಒರಟು ಕೂದಲು ಸಿಕ್ಕಿಕೊಂಡಿದ್ದವು. "ಇದನ್ನ ಚೆಲ್ಲಲೇನ್ರಿ?" ಎಂದು ಹೆಂಡತಿ ಕೇಳಿದಳು. ನಾನು ಅದನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆ.

ಈ ಗಾದಿ ನನ್ನ ಕೈಗೆ ಬಂದ ಕಾಲಕ್ಕೆ ನಾನು ಅಫಜಲಪುರದಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಮದುವೆಯಾಗಿರಲಿಲ್ಲ. ಸೊನ್ನದ ಬ್ಯಾರೇಜಿನಲ್ಲಿದ್ದ ಪರಿಚಯದ ಎಂಜಿನಿಯರರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ನಾಯಿಯನ್ನು ನನಗೆ ಕೊಟ್ಟರು. ಟೆರಿಯರ್ ಜಾತಿಯದು. ಮೊಳಕಾಲಿಗೂ ಬಾರದ ಎತ್ತರ, ಗಡ್ಡ ಬಿಟ್ಟ ಮೋರೆ, ಮೈತುಂಬ ತಂತಿಯಂಥ ಕೂದಲು. ಓಣಿಯಲ್ಲಿ ಯಾರ ಹತ್ತಿರವೂ ಇಲ್ಲದ ನಾಯಿ ನನ್ನ ಹತ್ತಿರ ಇದೆ ಎಂಬ ಜಂಬ ನನಗೆ. ಆ ಜಂಬ ಎರಡು ವಾರವೂ ಬಾಳಲಿಲ್ಲ. ನಾನು ಶಾಲೆಗೆ ಹೋದದ್ದೇ ತಡ, ಅದು ದಿನವಿಡೀ ಬೊಗಳುತ್ತಿತ್ತು. ಬಾಡಿಗೆ ಮನೆಯ ಮಾಲೀಕರ ತುಳಸಿಕಟ್ಟೆಯ ಬುಡ ಕೆದರಿ ಗುಂಡಿ ಮಾಡಿತು. ಬಿಟ್ಟರೆ ತನಗಿಂತ ನಾಲ್ಕು ಪಟ್ಟು ದೊಡ್ಡ ಬೀದಿನಾಯಿಗಳ ಮೇಲೆ ಏರಿ ಹೋಗುತ್ತಿತ್ತು. ಬೈದರೆ ತಲೆ ಓರೆ ಮಾಡಿ, ಪೂರ್ತಿ ಕೇಳಿಸಿಕೊಂಡು, ಮತ್ತೆ ಅದನ್ನೇ ಮಾಡುತ್ತಿತ್ತು. ಮಾಲೀಕರು ನಾಯಿಯನ್ನಾದರೂ ಬಿಡಿ, ಮನೆಯನ್ನಾದರೂ ಬಿಡಿ ಎಂದುಬಿಟ್ಟರು.

ಎದುರಿಗೇ ಗಾದಿ ಚಾಚಾರ ಅಂಗಡಿ. ಹತ್ತಿ ಹಿಂಜಿ ಗಾದಿ, ತಲೆದಿಂಬು ತುಂಬುವುದು ಅವರ ಮನೆತನದ ಕಸಬು. ಹಿಂಜುವುದಕ್ಕೆ ಯಂತ್ರ ಬಂದಿತ್ತು, ಆದರೆ ಕೊನೆಯ ಕೈ ಚಾಚಾರದೇ. ಹೊಲಿದ ಗಾದಿಯ ಮೇಲೆ ಬೆರಳು ಆಡಿಸಿ, ಒಳಗೆ ಉಳಿದ ಒಂದೇ ಒಂದು ಹತ್ತಿಬೀಜವನ್ನು ಬಟ್ಟೆಯ ಮೇಲಿಂದಲೇ ಹಿಡಿದು ತೋರಿಸುತ್ತಿದ್ದರು. ಅತನೂರದಿಂದಲೂ ಜನ ಮದುವೆಯ ಗಾದಿಗೆ ಅವರ ಹತ್ತಿರವೇ ಬರುತ್ತಿದ್ದರು.

ನನ್ನ ಒದ್ದಾಟ ನೋಡಲಾರದೆ ಒಂದು ದಿನ ಅವರೇ ಕರೆದರು. "ಮಾಸ್ತರ್ರ, ಇದು ಕುಂದ್ರಾಕ ಹುಟ್ಟಿದ್ದಲ್ರಿ, ದುಡ್ಯಾಕ ಹುಟ್ಟಿದ್ದು. ಕೆಲಸ ಇಲ್ಲಂದ್ರ ನಿಮ್ಮ ಮನೀನ ಕೆಡವ್ತದ. ಮುಂಜಾನೆ ನನ್ನ ಅಂಗಡ್ಯಾಗ ಬಿಟ್ಟು ಹೋಗ್ರಿ." ಮೊದಲ ದಿನವೇ ಅದು ಹತ್ತಿಮೂಟೆಗಳ ಸಂದಿಯಿಂದ ಒಂದು ಹೆಗ್ಗಣ ಎಳೆದು, ಎರಡು ಸಲ ಕೊಡವಿ, ಚಾಚಾರ ಕಾಲ ಬಳಿ ಇಟ್ಟಿತು. "ವ್ಹಾ ರೇ ಪೈಲ್ವಾನ್!" ಎಂದರು. ಅಂದಿನಿಂದ ಅದರ ಹೆಸರು ಪೈಲ್ವಾನ್. ಬೊಗಳುವುದು ತಾನಾಗಿಯೇ ನಿಂತಿತು.

ಅದರ ಕೂದಲು ಕತ್ತರಿಸಬಾರದು, ಕೈಯಿಂದ ಕೀಳಬೇಕು ಎಂದು ಎಂಜಿನಿಯರರು ಹೇಳಿದ್ದರು. ನಾನು ನಕ್ಕಿದ್ದೆ. ಚಾಚಾರಿಗೆ ಯಾರೂ ಹೇಳಬೇಕಾಗಲಿಲ್ಲ, ಬೆರಳು ಇಟ್ಟ ಕೂಡಲೇ ಗೊತ್ತಾಯಿತು. "ಇದರ ಮೈಯಾಗ ಎರಡು ನಮೂನಿ ಹತ್ತಿ ಅದಾವ್ರಿ. ಒಳಗಿಂದು ಮೆತ್ತಗ, ಮ್ಯಾಲಿಂದು ಬಿರಸು. ಮ್ಯಾಲಿಂದು ಸತ್ತಮ್ಯಾಗ ತಾನ ಕೈಗೆ ಬರ್ತದ, ನೋವಾಗಂಗಿಲ್ಲ. ಕತ್ತರಿ ಮಾತ್ರ ಹಚ್ಚಬ್ಯಾಡ್ರಿ."

ಅಂದಿನಿಂದ ಕೂದಲು ಕೀಳುವುದು ಅವರದೇ ಕೆಲಸ. ಅದಕ್ಕೆಂದೇ ಒಂದು ಹಳೆಯ ಲುಂಗಿ, ಒಂದು ಹಳೆಯ ಅಂಗಿ ಬೇರೆ ಇಟ್ಟಿದ್ದರು. ಮುಗಿದ ಮೇಲೆ ಕೈಕಾಲು ತಿಕ್ಕಿ ತೊಳೆದು, ಬಟ್ಟೆ ಬದಲಿಸಿ ನಮಾಜಿಗೆ ಹೋಗುತ್ತಿದ್ದರು. ನಾಯಿಯನ್ನೇಕೆ ಮುಟ್ಟುತ್ತೀರಿ ಎಂದು ಓಣಿಯಲ್ಲಿ ಒಬ್ಬಿಬ್ಬರು ಕೇಳಿದರೆ "ಸಾಬೂನು ಎಲ್ಲಿ ಹೋಗ್ಯಾದ?" ಎಂದು ನಗುತ್ತಿದ್ದರು. ಒಂದು ಗಳಿಗೆ ನಿಂತಲ್ಲಿ ನಿಲ್ಲದ ಪೈಲ್ವಾನ್ ಆ ಬೆರಳುಗಳ ಕೆಳಗೆ ಕಣ್ಣು ಮುಚ್ಚಿ ತೂಕಡಿಸುತ್ತಿತ್ತು. ಅದು ಮಲಗಲೆಂದೇ ಚಾಚಾ ಈ ಗಾದಿ ಹೊಲಿದದ್ದು.

ಎರಡನೆಯ ಬೇಸಿಗೆಗೆ ಜೇವರ್ಗಿ ಕಡೆಯ ಕೊಳಕೂರದಲ್ಲಿ ಅವರ ಮಗಳ ಹೆರಿಗೆಯಾಯಿತು. ಚಾಚಾ ಮೂರು ವಾರ ಅಲ್ಲಿ ಇದ್ದರು. ಹೊರಡುವ ದಿನ ಪೈಲ್ವಾನನ ಮೈಯೆಲ್ಲ ಸವರಿ ನೋಡಿ, "ಮ್ಯಾಲಿನ ಕೂದಲ ಇನ್ನಾ ಪಕ್ವ ಆಗಿಲ್ಲ, ನಾ ಬಂದು ತೆಗೀತೇನಿ" ಎಂದಿದ್ದರು. ಬಿಸಿಲು ಏರಿತು. ನಾಯಿ ನಾಲಿಗೆ ಚಾಚಿ ತೇಕುತ್ತಿತ್ತು. ನನಗೆ ಕನಿಕರವಾಯಿತು, ಅದು ಸುಳ್ಳಲ್ಲ. ಆದರೆ ಬೆವರು, ಚರ್ಮ, ಉಷ್ಣ ಎಂದು ಮಕ್ಕಳಿಗೆ ಪಾಠ ಹೇಳುವವನಿಗೆ ಗಾದಿ ತುಂಬುವವರು ಏನು ಕಲಿಸಿಯಾರು ಎಂಬ ಸೊಕ್ಕೂ ಇತ್ತು. ಕ್ಷೌರದಂಗಡಿಗೆ ಒಯ್ದು ಮಷಿನ್ ಹೊಡೆಸಿದೆ. ನಾಲ್ಕೇ ದಿನದಲ್ಲಿ ಬೋಳು ಬೆನ್ನು ಬಿಸಿಲಿಗೆ ಸುಟ್ಟು ಕೆಂಪಾಯಿತು. ಕೆರೆದುಕೊಂಡು ಕೆರೆದುಕೊಂಡು ಹುಣ್ಣಾಯಿತು.

ಚಾಚಾ ಬಂದವರು ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಹುಣ್ಣು ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, ಒಂದೇ ಮಾತು ಕೇಳಿದರು.

"ಮಾಸ್ತರ್ರ, ಹುಣ್ಣು ಮೊದಲೋ, ಕೂದಲ ತೆಗಿಸಿದ್ದು ಮೊದಲೋ?"

"ಹುಣ್ಣ ಮೊದಲ, ಚಾಚಾ. ನೀವು ಹೋಗೂ ಮೊದಲಿಂದನ ಕೂದಲ ಒಳಗ ಮುಚ್ಚಿಕೊಂಡಿತ್ತು. ಅದಕ್ಕ ತೆಗಿಸಬೇಕಾತು."

ರೆಪ್ಪೆ ಬಡಿಯುವಷ್ಟರಲ್ಲಿ ಬಂದ ಸುಳ್ಳು. ಮರ್ಯಾದೆ ಉಳಿಯಿತು ಎಂದು ಒಳಗೊಳಗೇ ಸಮಾಧಾನವೂ ಆಯಿತು. ಚಾಚಾ ಮಾತ್ರ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಹೋಗೋ ದಿನ ಪೂರಾ ಮೈ ಮುಟ್ಟಿ ನೋಡಿದ್ದೆ... ಗೊತ್ತಾಗಲಿಲ್ಲಲ್ಲ."

ಹಳೆಯ ಮಲ್‌ಮಲ್ ಬಟ್ಟೆಯಲ್ಲಿ ಅದಕ್ಕೊಂದು ಅಂಗಿ ಹೊಲಿದುಕೊಟ್ಟರು. ದನದ ಡಾಕ್ಟರು ಕೊಟ್ಟ ಮುಲಾಮು, ಕೊಬ್ಬರಿ ಎಣ್ಣೆ ಹಚ್ಚಿ ಮಳೆಗಾಲದ ಹೊತ್ತಿಗೆ ಹುಣ್ಣು ಮಾಯಿತು. ಆದರೆ ಮತ್ತೆ ಬಂದ ಕೂದಲಿಗೆ ಆ ಬಿರುಸಿರಲಿಲ್ಲ. ಮೆತ್ತಗೆ, ಜೊಂಪೆಯಾಗಿ, ಮುಳ್ಳು, ಉಣ್ಣೆಹುಳ ಎಲ್ಲವನ್ನೂ ಹಿಡಿದಿಡುತ್ತಿತ್ತು. ಪೈಲ್ವಾನ್ ಎಂದಿನ ರೂಢಿಯಂತೆ ಹೋಗಿ ಚಾಚಾರಿಗೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು. ಅವರು ಕೈಗಳನ್ನು ಕಂಕುಳಲ್ಲಿ ಸಿಗಿಸಿಕೊಂಡು ಬಿಡುತ್ತಿದ್ದರು. "ಈ ಬೆರಳಿಗೆ ಈಗ ಭರೋಸಾ ಇಲ್ರಿ," ಎನ್ನುತ್ತಿದ್ದರು. ಅದು ಬಹಳ ಹೊತ್ತು ಹಾಗೆಯೇ ನಿಂತಿರುತ್ತಿತ್ತು... ನಾನು ಎದುರಿಗೆ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಅದನ್ನೆಲ್ಲ ನೋಡಿದ್ದೇನೆ. ಆಮೇಲೆ ಪೈಲ್ವಾನನನ್ನು ಕರೆದುಕೊಂಡು ಒಳಗೆ ಹೋಗುತ್ತಿದ್ದೆ.

ಆಮೇಲೆ ಆ ಅಪನಂಬಿಕೆ ನಾಯಿಯಿಂದ ಹತ್ತಿಗೆ ದಾಟಿತು. ಹೊಲಿದ ಗಾದಿಯನ್ನು ಮೂರು ಸಲ, ನಾಲ್ಕು ಸಲ ಸವರಿದರೂ ಅವರಿಗೆ ಸಮಾಧಾನವಿಲ್ಲ. ದಾರಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದರು. ಒಮ್ಮೆ ನನ್ನನ್ನೂ ಕರೆದರು. "ಬರ್ರಿ ಮಾಸ್ತರ್ರ, ಸ್ವಲ್ಪ ಮುಟ್ಟಿ ನೋಡ್ರಿ. ಬೀಜ ಉಳದಾವೇನು?" ನನ್ನ ಕೈಗೆ ಏನು ತಿಳಿಯಬೇಕು? ಸುಮ್ಮನೆ ಸವರಿ "ಇಲ್ಲ ಚಾಚಾ" ಎಂದೆ. ಅವರು ನನ್ನ ಮಾತು ನಂಬಿದರು.

ಮರುವರ್ಷ ನನಗೆ ಆಳಂದಕ್ಕೆ ವರ್ಗವಾಯಿತು. ಪೈಲ್ವಾನ್ ನನ್ನ ಜೊತೆ ಬಂದು, ಇಲ್ಲಿಯೇ ಮುದಿಯಾಗಿ, ಈ ಗಾದಿಯ ಮೇಲೆಯೇ ಸತ್ತಿತು. ಒಂದು ಸಲ ಹೋಗಿ ಚಾಚಾರಿಗೆ ನಿಜ ಹೇಳಿ ಬರಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಎಷ್ಟು ದೂರ ಅಫಜಲಪುರ? ಬಸ್ಸು ಹತ್ತಿದರೆ ಅರ್ಧ ದಿನದ ಮಾತು.

ಹೋದ ವರ್ಷ ಒಬ್ಬ ಶಿಷ್ಯನ ಮದುವೆಗೆಂದು ಹೋದೆ. ಚಾಚಾರ ಅಂಗಡಿಯಲ್ಲಿ ಈಗ ಯಾರೋ ಮೊಬೈಲ್ ಮಾರುತ್ತಿದ್ದರು. ಅದರ ಹಿಂಬದಿಯ ಮನೆಯಲ್ಲಿ ಅವರ ಹೆಂಡತಿ ಚಾಚಿ ಒಬ್ಬರೇ ಕುಳಿತು ಅಕ್ಕಿ ಆರಿಸುತ್ತಿದ್ದರು. ಚಾಚಾ ತೀರಿಕೊಂಡು ಎರಡು ವರ್ಷವಾಗಿತ್ತು. ಅದಕ್ಕೂ ಬಹಳ ಮೊದಲೇ ಕಸಬು ಬಿಟ್ಟಿದ್ದರಂತೆ. ನಾನು ಬದುಕಿರುವಾಗಲೇ ನನ್ನ ಬೆರಳು ಸತ್ತವು ಎನ್ನುತ್ತಿದ್ದರಂತೆ. ನಾನು ಆ ಸುಳ್ಳನ್ನು ಮೊದಲಿಂದ ಕೊನೆಯವರೆಗೆ ಚಾಚಿಗೆ ಹೇಳಿದೆ. ಅವರು ಮೊರ ಕೆಳಗಿಟ್ಟು ಕೇಳಿಸಿಕೊಂಡರು.

"ನನಗ ಹೇಳಿ ನಿಮ್ಮ ಎದಿ ಹಗುರಾತು, ಮಾಸ್ತರ್ರ. ಅವರ ಬೆರಳು?"

ಎದ್ದು ಒಳಗೆ ಹೋಗಿ ನನಗೆ ಚಹಾ ತಂದುಕೊಟ್ಟರು.

ಈಗ ಗಾದಿಯನ್ನು ಅಂಗಳದ ಬಿಸಿಲಿಗೆ ಹಾಕಿ ಪಕ್ಕದಲ್ಲಿ ಕುಳಿತಿದ್ದೇನೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಅವರು ಮಾಡುತ್ತಿದ್ದಂತೆಯೇ, ಬೆರಳು ಒತ್ತಿ ಒತ್ತಿ ನೋಡಿದೆ. ಮತ್ತೊಮ್ಮೆ ನೋಡಿದೆ. ಇಷ್ಟು ವರ್ಷ ಒಂದು ನಾಯಿ ಹೊರಳಾಡಿ ತೆಳ್ಳಗಾಗಿಸಿದ ಹತ್ತಿಯಲ್ಲಿ ಬೀಜ ಉಳಿದಿದ್ದರೆ ನನ್ನ ಮೊಂಡು ಕೈಗೂ ಸಿಗಬೇಕಿತ್ತು... ಒಂದು ಬೀಜವೂ ಇರಲಿಲ್ಲ.