ಆ್ಯಪ್ ಮಾತನ್ನೇ ನಂಬಿದರು

ಬಸವನಗುಡಿಯ ನರ್ಸಿಂಗ್ ಹೋಂನಲ್ಲಿ ಡಾಕ್ಟರಮ್ಮ ನನ್ನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಆಗ ನನಗೆ ಎಂಟನೇ ತಿಂಗಳು.

"ಇದು ತಿಂದು ಬಂದ ತೂಕ ಅಲ್ಲಮ್ಮ, ಮೈಯಲ್ಲಿ ನೀರು ತುಂಬ್ಕೊಂಡಿದೆ. ಬಿಪಿ ವಿಪರೀತ ಏರಿದೆ. ಇವತ್ತೇ ಆಪರೇಷನ್ ಮಾಡಿ ಮಗು ತೆಗೀಬೇಕು" ಎಂದರು.

ಪಕ್ಕದಲ್ಲಿದ್ದ ನನ್ನ ಗಂಡ ಮೊಬೈಲ್ ತೋರಿಸಿ, "ಮೇಡಂ, ಇದ್ರಲ್ಲಿ ಊಟ ಕಮ್ಮಿ ಮಾಡಿ ಅಂತಾನೇ ಬರ್ತಿತ್ತಲ್ಲ" ಎಂದರು.

ಗರ್ಭಿಣಿಯರ ತೂಕ ನೋಡಿಕೊಳ್ಳುವ ಆ ಆ್ಯಪನ್ನು ತಮ್ಮ ಫೋನಿಗೆ ಹಾಕಿಕೊಂಡಿದ್ದವರು ಅವರೇ. ನನ್ನ ತೂಕ ಒಮ್ಮೆಲೇ ಏರಿ ಅದರಲ್ಲಿ ಕೆಂಪು ಗುರುತು ಬಂದಾಗ ರಾತ್ರಿಯ ಅನ್ನ ನಿಲ್ಲಿಸಿದರು. ಪಾರ್ಕಿನಲ್ಲಿ ಸುತ್ತು ಹೆಚ್ಚಿಸಿದರು. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ ಎಂದರೆ, "ತೂಕ ಇಳಿದ್ರೆ ಎಲ್ಲಾ ಸರಿಹೋಗುತ್ತೆ, ನಡಿ" ಎನ್ನುತ್ತಿದ್ದರು. ಕೊನೆಗೆ ಡಾಕ್ಟರ್ ಹತ್ತಿರ ಕರೆತಂದದ್ದು ನಾನು ಪಾರ್ಕಿನಲ್ಲೇ ಕುಸಿದು ಬಿದ್ದ ಮೇಲೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗಳು ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿಕೊಂಡಳು. ನನ್ನ ಗಂಡ ಆ್ಯಪ್‌ಗೆ ಒಂದೇ ಸ್ಟಾರ್ ಕೊಟ್ಟು, ಬೈದು ಬರೆದು, ತೆಗೆದುಹಾಕಿದರು. ನನ್ನ ಹತ್ತಿರ ಮಾತ್ರ ಇವತ್ತಿನವರೆಗೂ ತಪ್ಪಾಯಿತು ಎಂದು ಹೇಳಿಲ್ಲ. ಈಗ ಮೈಗೆ ಹುಷಾರಿಲ್ಲದಿದ್ದರೆ ನಾನೂ ಅವರಿಗೆ ಹೇಳುವುದಿಲ್ಲ. ಮಗಳನ್ನು ಎತ್ತಿಕೊಂಡು ನೇರ ನರ್ಸಿಂಗ್ ಹೋಂಗೆ ಆಟೊ ಹತ್ತುತ್ತೇನೆ.