ಅವ್ವನ ಕೂಗು, ಆ ಕಂಪನಿಯ ಫೋನು

ಅವ್ವ ಎಮ್ಮೆಯನ್ನು ಕರೆಯುತ್ತಿದ್ದ ಕೂಗು ನನ್ನ ಜೇಬಿನಲ್ಲಿದೆ, ಉಗುರಿನಷ್ಟಗಲದ ಮೆಮೊರಿ ಕಾರ್ಡಿನಲ್ಲಿ. ಕೇಳಲು ಮಾತ್ರ ಆಗುವುದಿಲ್ಲ.

ಕೊಪ್ಪದ ನಮ್ಮ ಮನೆಯ ಎಮ್ಮೆ ಆ ಕೂಗು ಕೇಳದೆ ಹಾಲು ಇಳಿಸುತ್ತಿರಲಿಲ್ಲ. ಕಲಿಸಿಕೊಡಿ ಎಂದು ಅತ್ತಿಗೆ ಕೇಳಿದಾಗೆಲ್ಲ ಅವ್ವ, "ಬುಡಮ್ಮಿ, ಎಲ್ಲಾರ್ಗೂ ಕೊಟ್ಬುಟ್ರೆ ನನ್ನ್ ಯಾರ್ ಕೇಳಾರು?" ಎಂದು ನಗುತ್ತಿದ್ದಳು. ನಗುತ್ತಿದ್ದಳೆಂದು ಈಗ ಬರೆಯುತ್ತಿದ್ದೇನೆ, ನಕ್ಕಿರಲಿಕ್ಕಿಲ್ಲ.

ಅವ್ವ ಮೊಣಕಾಲಿನ ಆಪರೇಷನ್‌ಗೆಂದು ಮಂಡ್ಯದ ಆಸ್ಪತ್ರೆಗೆ ಸೇರುವ ಮುಂಚೆ ಅವಳ ಕೂಗನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡೆ. ಅತ್ತಿಗೆ ಅವ್ವನ ಸೀರೆ ಉಟ್ಟು, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಲು ಕರೆಯಲು ಕೂತರು. ಎಮ್ಮೆ ಮೋಸ ಹೋಯಿತು. ಚೊಂಬು ತುಂಬಿತು. ಸುದ್ದಿ ಕೇಳಿ ಅವ್ವ ಮುಖ ಸಪ್ಪಗೆ ಮಾಡಿಕೊಂಡಳು.

ಅವ್ವ ತೀರಿಕೊಂಡ ಮೇಲೂ ಆ ಫೋನೇ ಎಮ್ಮೆಯನ್ನು ಕರೆಯಿತು. ಹೋದ ತಿಂಗಳು ಅದೂ ಕೆಟ್ಟಿತು. ಅದರ ಕಂಪನಿ ಈಗ ಫೋನು ತಯಾರಿಸುವುದನ್ನೇ ನಿಲ್ಲಿಸಿದೆ. ಮದ್ದೂರಿನ ರಿಪೇರಿ ಅಂಗಡಿಯವನು ಕಾರ್ಡನ್ನು ನನ್ನ ಹೊಸ ಫೋನಿಗೆ ಹಾಕಿ ನೋಡಿದ.

"ಫೈಲ್ ಚೆನ್ನಾಗೇ ಅದೆ ಸಾ. ಇದುನ್ನ ಓದೋ ಸಾಫ್ಟ್‌ವೇರು ಅವ್ರ ಫೋನಲ್ ಮಾತ್ರ ಇದ್ದಿದ್ದು. ಬೇರೆ ಕಂಪ್ನಿಯೋರ್ಗೆ ಕೊಡ್ನಿಲ್ಲ."

"ದುಡ್ಡು ಈಸ್ಕೊಂಡಾದ್ರೂ ಕೊಡ್ಬೋದಿತ್ತಲ್ಲಪ್ಪ?"

"ಕೊಟ್ಟಿದ್ರೆ ಅವ್ರ ಫೋನ್ ಯಾರ್ ತಗಳೋರು, ಯೋಳಿ?"

ಅವ್ವನ ಮಾತನ್ನೇ ಆಡಿದ. ಕೊಡಬೇಕಿತ್ತು ಎಂದೇ ನನ್ನ ವಾದ. ಪರವಾನಗಿಗೆ ಬೆಲೆ ಕಟ್ಟಿ ಎದುರಾಳಿಗೂ ಕೊಡಲಿ. ಸಾಫ್ಟ್‌ವೇರು ಅವರದು, ಒಪ್ಪಿದೆ. ಅದರೊಳಗೆ ನಾವು ಇಟ್ಟದ್ದು ಅವರದಲ್ಲ. ಆದರೆ ಅವ್ವನ ಮುಂದೆ ಈ ವಾದ ಹೂಡಲು ನನಗೆ ಬಾಯಿ ಬರುತ್ತಿರಲಿಲ್ಲ.

ಆ ಕೂಗನ್ನು ನೆನೆಸಿಕೊಂಡರೆ ಪ್ರತಿ ಸಲವೂ ಬೇರೆಯಾಗಿ ಕೇಳುತ್ತದೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಕಾರ್ಡು ಬೇಕಾದದ್ದು ಅದಕ್ಕೇ.

ಸಂಜೆ ಕೊಟ್ಟಿಗೆಯಲ್ಲಿ ಅತ್ತಿಗೆ ಅದೇ ಸೀರೆಯಲ್ಲಿ ಕೂತಿದ್ದರು. ಒಗೆದು ಒಗೆದು ಅದರಲ್ಲೀಗ ಸೋಪಿನ ವಾಸನೆ ಮಾತ್ರ. ಫೋನು ಕೆಟ್ಟಾಗಿನಿಂದ ಎಮ್ಮೆ ಅರ್ಧ ಚೊಂಬೂ ಕೊಡುತ್ತಿಲ್ಲ.

"ಕೂಗ್ನ ಮೊದ್ಲು ಉದ್ದುಕ್ ಎಳೀತಿದ್ರಾ, ಕೊನೇಲಾ? ನಿಮ್ಮವ್ವ ಕಣಪ್ಪ, ನೀನೇ ಯೋಳು."

"ಕೊನೇಲಿ," ಎಂದೆ, ಗೊತ್ತಿದ್ದವನ ಹಾಗೆ.

ಅತ್ತಿಗೆ ಕೂಗಿದರು. ಎಮ್ಮೆ ಕಿವಿ ನಿಮಿರಿಸಿ ಬಾಗಿಲ ಕಡೆ ನೋಡಿತು.

ನಾನೂ ನೋಡಿದೆ.