ಕೊರಗಪ್ಪ ಆರಿಸಬೇಕಾದ ಗಾಡಿ

ಸಯನ್ನಿನ ಶೇಖರ ಶೆಟ್ಟರಿಗೆ ಎರಡು ಹೋಟೆಲುಗಳಿದ್ದರೂ ಕಾರು ಬಿಡಲು ಬರುವುದಿಲ್ಲ. ಮೂವತ್ತೊಂದು ವರ್ಷಗಳಿಂದ ಅವರ ಗಾಡಿ ಬಿಡುತ್ತಿರುವವನು ಕೊರಗಪ್ಪ. ಕಾರ್ಕಳದ ಕಡೆಯವನು, ವಡಾಲದ ಚಾಳಿನಲ್ಲಿ ಮನೆ, ವಯಸ್ಸು ಐವತ್ತೇಳು. ಇಷ್ಟು ವರ್ಷಗಳಲ್ಲಿ ಶೆಟ್ಟರು ಐದು ಕಾರು ಬದಲಿಸಿದ್ದಾರೆ. ಕೊಳ್ಳುವ ಮುಂಚೆ ಒಮ್ಮೆಯೂ ಅವನನ್ನು ಕೇಳಿದ್ದಿಲ್ಲ. ಗಾಡಿ ಮನೆಗೆ ಬಂದ ದಿನ ಕೀಲಿಕೈ ಅವನ ಅಂಗೈಗೆ ಬೀಳುತ್ತಿತ್ತು, ಅಷ್ಟೆ.

ಕಳೆದ ಜನವರಿಯ ಒಂದು ಬೆಳಿಗ್ಗೆ ಹಿಂದಿನ ಸೀಟಿನಿಂದ ಶೆಟ್ಟರು ಹೇಳಿದರು: "ಈ ಸಲ ದೊಡ್ಡ ಗಾಡಿ ತೆಕ್ಕೊಳ್ಳುವಾ ಅಂತ ಉಂಟು ಕೊರಗಪ್ಪ. ಕಲ್ಲು, ಗುಡ್ಡ, ನೀರು ಎಲ್ಲ ದಾಟುವಂಥದ್ದು. ಒಂದೇ ಕಂಪನಿಯ ಎರಡು ನೋಡಿಟ್ಟಿದ್ದೇನೆ. ಯಾವುದು ಅಂತ ನೀನು ಹೇಳ್ಬೇಕು."

"ನಾನಾ?"

"ಬಿಡುವವನು ನೀನಲ್ವಾ ಮಾರಾಯ?"

ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅದರ ಹಿಂದಿನ ಜುಲೈಯಿಂದ ಅವನ ಮನಸ್ಸಿನಲ್ಲಿ ಒಂದು ಅಳುಕು ಕೂತಿತ್ತು. ಗಾಂಧಿ ಮಾರ್ಕೆಟಿನ ಹತ್ತಿರ ಮಳೆನೀರಿಗೆ ಗಾಡಿ ಇಳಿಸಿದಾಗ ಅದು ಅಲ್ಲೇ ನಿಂತುಬಿಟ್ಟಿತ್ತು. ಶೆಟ್ಟರೂ ಅವರ ಹೆಂಡತಿ ಪ್ರಫುಲ್ಲಾ ಅಕ್ಕನೂ ಎರಡು ಗಂಟೆ ಕಾಲನ್ನು ಸೀಟಿನ ಮೇಲೆ ಮಡಚಿ ಕೂತಿದ್ದರು. ಅಕ್ಕ ಅತ್ತಿದ್ದರು. ಆ ದಿನದ ಬಗ್ಗೆ ಶೆಟ್ಟರು ಮತ್ತೆ ಮಾತೇ ಎತ್ತಿರಲಿಲ್ಲ. ಈಗ ಹೀಗೆ ಕೇಳುತ್ತಿರುವುದು ನಂಬಿಕೆಯಿಂದಲೋ, ಇಲ್ಲ ತನ್ನನ್ನು ಪರೀಕ್ಷೆ ಮಾಡಲಿಕ್ಕೋ?

ಎರಡು ಗಾಡಿಗಳಲ್ಲಿ ಒಂದು ಪೆಟ್ಟಿಗೆಯಂಥದ್ದು. ನೆಟ್ಟಗಿನ ಗಾಜು, ಹಿಂಬಾಗಿಲಿಗೆ ಸ್ಟೆಪ್ನಿ, ಲಾರಿಯ ಹಾಗೆ ಉಕ್ಕಿನ ಚಾಸಿಸ್ ಮೇಲೆ ಕೂತ ಬಾಡಿ. ಇನ್ನೊಂದು ನುಣುಪಾದದ್ದು. ಒಳಗೆ ಸದ್ದೇ ಬಾರದು, ಸ್ಪ್ರಿಂಗಿನ ಬದಲು ಗಾಳಿಯ ಚೀಲಗಳು. ಗುಂಡಿ ಒತ್ತಿದರೆ ಗಾಡಿಯೇ ಮೇಲೇಳುತ್ತದೆ, ತಗ್ಗುತ್ತದೆ. ಎರಡೂ ಸೊಂಟದ ಹತ್ತಿರದವರೆಗಿನ ನೀರು ದಾಟುತ್ತವಂತೆ.

ಸುದ್ದಿ ಮನೆಯಲ್ಲಿ ಹರಡಿತು. ಶೆಟ್ಟರ ಮಗ ಮನೀಶ್ ಅವನನ್ನು ಪಾರ್ಕಿಂಗಿನಲ್ಲಿ ಹಿಡಿದ. "ಅಂಕಲ್, ಪಪ್ಪಾಗೆ ಬಾಕ್ಸ್‌ವಾಲಾನೇ ಹೇಳಿ. ವೋ ಅಸಲಿ ಆಫ್‌ರೋಡರ್ ಹೈ. ಇನ್ನೊಂದು ಸಿರ್ಫ್ ಶೋ." ಕೊರಗಪ್ಪ ಆಯ್ತು ಎಂದ. ಸಂಜೆ ಪ್ರಫುಲ್ಲಾ ಅಕ್ಕ ಚಹಾ ಕೊಡುತ್ತ ದನಿ ತಗ್ಗಿಸಿದರು. "ನನ್ನ ಮೊಣಗಂಟು ನಿಂಗೆ ಗೊತ್ತುಂಟಲ್ಲ? ಆ ಪೆಟ್ಟಿಗೆಗೆ ಹತ್ತಲಿಕ್ಕೆ ಏಣಿ ಬೇಕಾದೀತು. ನೋಡಿ ಹೇಳು." ಅದಕ್ಕೂ ಆಯ್ತು ಎಂದ. ಶೆಟ್ಟರಂತೂ ದಿನಕ್ಕೊಂದು ಮಾತಾಡಿದರು. ಒಂದು ದಿನ ಕೊಂಕಣದ ಕೋಟೆಗಳಿಗೆ ಹೋಗಬೇಕೆಂದರು. ಮರುದಿನ ಇಷ್ಟು ಭಾರದ ಗಾಡಿ ಈ ಟ್ರಾಫಿಕ್ಕಿನಲ್ಲಿ ಯಾಕೆ ಎಂದು ಅವನನ್ನೇ ಕೇಳಿದರು.

ಭಾನುವಾರ ಮಲಾಡಿನ ಷೋರೂಮಿನವರು ಒಂದು ಬಯಲಿನಲ್ಲಿ ಟ್ರಯಲ್ ಇಟ್ಟಿದ್ದರು. ಮಣ್ಣಿನ ದಿಬ್ಬ, ನೀರು ತುಂಬಿದ ಹೊಂಡ, ಮನೆಯ ಹೆಂಚಿನ ಮಾಡಿನಷ್ಟು ಕಡಿದಾದ ಕಬ್ಬಿಣದ ಇಳಿಜಾರು. ಪಕ್ಕದ ಸೀಟಿನಲ್ಲಿ ಷೋರೂಮಿನ ವಿಜೇತಾ ಕೂತಳು. ಮಂಗಳೂರಿನ ಹುಡುಗಿ, ಅವನ ಮಾತು ಕೇಳಿದ ಕೂಡಲೇ ಕನ್ನಡಕ್ಕೆ ಹೊರಳಿದಳು.

ಪೆಟ್ಟಿಗೆ ಗಾಡಿ ದಿಬ್ಬ ಏರಿದಾಗ ಮುಂದಿನ ಗಾಜಿನಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ತುದಿ ತಲುಪಿ ಮೂತಿ ಕೆಳಗಾಯಿತು.

"ಈಗ ಬ್ರೇಕಿಂದ ಕಾಲು ತೆಗೀರಿ," ಎಂದಳು ವಿಜೇತಾ.

"ಎಂತ?"

"ತೆಗೀರಿ. ಗಾಡಿ ತಾನೇ ಹಿಡ್ಕೊಂಡು ಇಳೀತದೆ. ನೀವು ಸ್ಟಿಯರಿಂಗ್ ಮಾತ್ರ ನೋಡ್ಕೊಳ್ಳಿ."

ಅವನು ಕಾಲು ತೆಗೆಯಲಿಲ್ಲ. ತೆಗೆಯಬೇಕೆಂದು ಮನಸ್ಸು ಮಾಡಿದರೂ ಕಾಲು ಕೇಳಲಿಲ್ಲ. ಇಳಿಜಾರು ಕಂಡರೆ ಬ್ರೇಕಿನ ಮೇಲಿರಬೇಕೆಂದು ಮೂವತ್ತೊಂದು ವರ್ಷ ಕಲಿತ ಕಾಲು ಅದು. ಎರಡನೇ ಸಲ ಉಸಿರು ಬಿಗಿಹಿಡಿದು ತೆಗೆದ. ಚಕ್ರಗಳು ಕಟಕಟ ಎನ್ನುತ್ತ, ಮುದುಕ ಮೆಟ್ಟಿಲಿಳಿದ ಹಾಗೆ ಗಾಡಿ ಕೆಳಗಿಳಿಯಿತು. ವಿಜೇತಾ ಚಪ್ಪಾಳೆ ತಟ್ಟಿದಳು. ನುಣುಪಾದ ಗಾಡಿಯೂ ಅದೇ ಇಳಿಜಾರನ್ನು ಕಟಕಟವೂ ಇಲ್ಲದೆ ಇಳಿದಾಗ, ಪೆಟ್ಟಿಗೆಯೇ ಸರಿಯೇನೋ ಎಂದು ಆಗಷ್ಟೇ ಮೂಡಿದ್ದ ಅಭಿಪ್ರಾಯವೂ ಹೋಯಿತು. ಗಾಡಿಯೇ ಎಲ್ಲ ಮಾಡುವುದಾದರೆ ನಾನು ನೋಡಬೇಕಾದದ್ದು ಏನನ್ನು ಎಂದು ಅವನಿಗೆ ಅರ್ಥವಾಗಲಿಲ್ಲ.

ತನಗೆ ಗೊತ್ತಿದ್ದುದನ್ನಾದರೂ ಮಾಡೋಣವೆಂದು ಮರುದಿನ ಅಕ್ಕನ ಹೊಲಿಗೆಯ ಟೇಪು ಕೇಳಿ ತಂದ. ಬಿಲ್ಡಿಂಗಿನ ಗೇಟು ಅಳೆದ. ಸಾಕು. ತಿರುವು ಅಳೆದ. ಒಂದು ಸಲ ಹಿಂದೆ ಮುಂದೆ ಮಾಡಿದರೆ ಬಂದೀತು. ಆಮೇಲೆ ಪಾರ್ಕಿಂಗ್. ಶೆಟ್ಟರ ಜಾಗ ಇರುವುದು ಒಂದರ ಮೇಲೊಂದು ಕಾರು ಎತ್ತಿಡುವ ಕಬ್ಬಿಣದ ಲಿಫ್ಟಿನಲ್ಲಿ, ಮೇಲಿನ ಹಲಗೆಯಲ್ಲಿ. ಅಗಲ ಅಳೆಯಲು ಬಗ್ಗಿದಾಗ ಕಂಬದ ಮೇಲೆ ಧೂಳು ಮುಚ್ಚಿದ ಒಂದು ತಗಡು ಕಂಡಿತು. ಉಜ್ಜಿದ. ೨೦೦೦ ಕೆ.ಜಿ. ಅದಕ್ಕಿಂತ ಹೆಚ್ಚು ಭಾರ ಏರಿಸಕೂಡದು.

ವಿಜೇತಾಳಿಗೆ ಫೋನ್ ಮಾಡಿದ. "ಆ ಎರಡು ಗಾಡಿಗೂ ತೂಕ ಎಷ್ಟಮ್ಮ?"

"ತೂಕವಾ? ಯಾರೂ ಕೇಳುದಿಲ್ಲ ಅಂಕಲ್, ಒಂದ್ನಿಮಿಷ..." ಅವಳು ಹುಡುಕಿ ಹೇಳಿದಳು. ಪೆಟ್ಟಿಗೆಯಂಥದ್ದು ಎರಡೂವರೆ ಸಾವಿರ ಕಿಲೋ, ನುಣುಪಾದದ್ದು ಅದಕ್ಕಿಂತ ನೂರು ಕಡಿಮೆ.

ಆ ಸಂಜೆ ಶೆಟ್ಟರು ಅವನನ್ನು ಮನೆಯೊಳಗೆ ಕರೆದರು. ಮನೀಶನೂ ಅಕ್ಕನೂ ಸೋಫಾದಲ್ಲಿದ್ದರು. ಇಬ್ಬರ ಮುಖದಲ್ಲೂ ಇವನು ನಮ್ಮವನೆಂಬ ಧೈರ್ಯ.

"ಹೇಳು, ಯಾವುದು?"

"ಎರಡೂ ನಮ್ಮ ಲಿಫ್ಟಿಗೆ ಆಗುದಿಲ್ಲ ಶೆಟ್ರೇ. ತೂಕ ಜಾಸ್ತಿ."

ಮನೀಶ್ "ಅರೇ ಯಾರ್" ಎಂದು ತಲೆ ಹಿಡಿದುಕೊಂಡ.

"ಹಾಗಾದ್ರೆ ಎರಡೂ ಬೇಡ ಅಂತಲಾ ನಿನ್ನ ಮಾತು?" ಎಂದರು ಶೆಟ್ಟರು.

"ನಂಗೆ ಗೊತ್ತಾಗುದಿಲ್ಲ," ಎಂದ ಕೊರಗಪ್ಪ. "ನೀವು ಗುಡ್ಡ ಅಂತೀರಿ, ಕೋಟೆ ಅಂತೀರಿ. ನಾವು ಹೋಗುದು ವಡಾಲದ ಹೋಟೆಲಿಗೆ. ನಿಮಗೆ ಇದು ಎಲ್ಲಿಗೆ ಬೇಕು ಅಂತ ಗೊತ್ತಾದ್ರೆ ನಾನು ಹೇಳಬಹುದಿತ್ತು."

"ಗಾಂಧಿ ಮಾರ್ಕೆಟಿಗೆ," ಎಂದರು ಶೆಟ್ಟರು. "ಆ ದಿನ ಇವಳು ಅಳ್ತಾ ಇದ್ಲು. ನೀನು ಸೊಂಟದವರೆಗಿನ ನೀರಲ್ಲಿ ಇಳಿದು ದೂಡಿದಿ. ನಾನು ಮಾತ್ರ ಬೊಂಬೆಯ ಹಾಗೆ ಕೂತಿದ್ದೆ. ಇನ್ನೊಮ್ಮೆ ಹಾಗೆ ಕೂರಲಿಕ್ಕೆ ನನ್ನಿಂದಾಗುದಿಲ್ಲ."

"ತಪ್ಪು ನಂದಲ್ವಾ?" ಎಂದ ಕೊರಗಪ್ಪ. "ನಾನೇ ಅಲ್ವಾ ನೀರಿಗೆ ಇಳಿಸಿದ್ದು?"

"ನಾನು ಹೋಗು ಹೋಗು ಅಂದದ್ದಕ್ಕೆ ಇಳಿಸಿದಿ."

ಪ್ರಫುಲ್ಲಾ ಅಕ್ಕ ಇಬ್ಬರನ್ನೂ ನೋಡಿ, "ನಾನು ಹೆದರಿ ಅತ್ತದ್ದು ಅಂತ ತಿಳ್ಕೊಂಡದ್ದಾ ನೀವು? ಎರಡು ಗಂಟೆ ಕಾಲು ಮಡಚಿ ಮೊಣಗಂಟು ಸತ್ತುಹೋಗಿತ್ತು, ಅದಕ್ಕೆ!" ಎಂದರು. ಶೆಟ್ಟರು ನಗಬೇಕೋ ಬೇಡವೋ ತಿಳಿಯದೆ ಕೂತರು. ಕೊರಗಪ್ಪನಿಗಂತೂ ಆರು ತಿಂಗಳ ಅಳುಕನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ.

ಕೊನೆಗೆ ಅವನು ಹೇಳಿದ್ದು ಇಷ್ಟು: ನೀರು ಎರಡೂ ದಾಟುತ್ತವೆ, ಆದರೆ ಅಕ್ಕನಿಗಾಗಿ ತಗ್ಗುವುದು ಒಂದೇ. ಮನೀಶ್ ಮುಖ ಊದಿಸಿಕೊಂಡ. ನುಣುಪಾದ ಗಾಡಿಗೆ ಮುಂಗಡ ಹೋಯಿತು.

ಪಾರ್ಕಿಂಗಿನ ಗಂಟು ಬಿಡಿಸಿದವರು ಎರಡನೇ ಮಾಳಿಗೆಯ ನಂಜುಂಡಯ್ಯನವರು. ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು. ಅವರ ಚಿಕ್ಕ ಕಾರು ನೆಲದ ಜಾಗದಲ್ಲಿ ತಿಂಗಳುಗಟ್ಟಲೆ ಅಲುಗದೆ ನಿಂತಿರುತ್ತಿತ್ತು. ಕೊರಗಪ್ಪ ಹೋಗಿ ಕೇಳಿದಾಗ ಅವರು ಕನ್ನಡಕ ಸರಿಮಾಡಿಕೊಂಡರು. "ಅದಲು ಬದಲು ಮಾಡ್ಕೊಳ್ಳೋಣ, ನನಗೇನೂ ಅಭ್ಯಂತರ ಇಲ್ಲ ಕಣ್ರೀ. ಆದ್ರೆ ಆ ಲಿಫ್ಟು ನಂಗೆ ನಡೆಸೋಕೆ ಬರಲ್ಲ. ಗುರುವಾರ ಆಸ್ಪತ್ರೆಗೆ ಹೋಗುವಾಗ ನೀವೇ ಇಳಿಸಿಕೊಡಬೇಕು." ಶೆಟ್ಟರು ಒಪ್ಪಿದರು. ಬಿಲ್ಡಿಂಗಿನ ಸೊಸೈಟಿಯೂ ಒಪ್ಪಿತು.

ಮಾರ್ಚಿನಲ್ಲಿ ಗಾಡಿ ಬಂತು. ಅಕ್ಕ ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಮುಖ ಊದಿಸಿಕೊಂಡಿದ್ದ ಮನೀಶನೇ ಒಂದು ಭಾನುವಾರ ಎರಡು ಗಂಟೆ ಪಕ್ಕದಲ್ಲಿ ಕೂತು ಪರದೆಯ ಮೇಲಿನ ಗುರುತುಗಳನ್ನು ಅರೆಬರೆ ಕನ್ನಡದಲ್ಲಿ ವಿವರಿಸಿದ. "ಯೇ ಕೆಸರು. ಇದು ಮರಳು. ಯೇ... ಪಹಾಡ್ ಸೆ ಇಳಿಯೋದು." ಕೊರಗಪ್ಪ ಒಂದೊಂದರ ಚಿತ್ರ ಬರೆದು, ಕೆಳಗೆ ಕನ್ನಡದಲ್ಲಿ ಹೆಸರು ಬರೆದುಕೊಂಡ. ಹತ್ತರಲ್ಲಿ ಆರು ಅರ್ಥವಾದವು. ಉಳಿದ ನಾಲ್ಕು ಏನೆಂದು ಮನೀಶನಿಗೂ ಗೊತ್ತಿರಲಿಲ್ಲ.